ಗುಜರಿಯ ವೈಸು: ತುಕ್ಕಿಗಿಂತ ಬಣ್ಣ ಅಪಾಯ

ಸಾಸ್ತಾನ: ತೋಟದ ಪಂಪಿನ ಪೈಪಿರಲಿ, ದೋಣಿ ಇಂಜಿನ್ನಿನ ಬೋಲ್ಟಿರಲಿ, ಮನೆಯಲ್ಲೇ ಬಿಚ್ಚಿ ಸರಿ ಮಾಡುವವರಿಗೆ ಗಟ್ಟಿ ವೈಸ್ ಬೇಕೇ ಬೇಕು. ಹಳೆಯದೇ ವಾಸಿ ಅಂತ ಗುಜರಿ ಅಂಗಡಿ ಹುಡುಕುವವರಿದ್ದಾರೆ. ಶೆಫೀಲ್ಡಿನ ‘ರೆಕಾರ್ಡ್’ ಸಿಕ್ಕಿದರಂತೂ ಅದೃಷ್ಟ.

ಆದರೆ ಹೆಸರು, ತೂಕ ನೋಡಿ ದುಡ್ಡು ಕೊಟ್ಟರೆ ಆಯ್ತಾ? ಗುಜರಿ ಮಾಲು ವಾಪಸ್ಸಿಲ್ಲ ಮಾರಾಯ್ರೆ! ಕಡಲ ಗಾಳಿಗೆ ತುಕ್ಕು ಸಹಜ; ಮೇಲಿನ ತುಕ್ಕು ಡೀಸೆಲ್ ಹಾಕಿ ತಂತಿ ಬ್ರಷ್ಷಿನಲ್ಲಿ ಉಜ್ಜಿದರೆ ಬಿಡುತ್ತೆ. ಹೆದರಬೇಕಾದ್ದು ಹೊಸದಾಗಿ ಬಳಿದ ಬಣ್ಣಕ್ಕೆ. ಬೀಡುಕಬ್ಬಿಣ ಸುತ್ತಿಗೆ ಪೆಟ್ಟಿಗೆ ಬಾಗುವುದಿಲ್ಲ, ಸೀಳುತ್ತದೆ. ವೆಲ್ಡಿಂಗ್ ಮಾಡಿಸಿದರೂ ಮೊದಲಿನ ಬಲ ಬರುವುದು ಕಷ್ಟ. ಬಣ್ಣದಡಿ ಆ ಬಿರುಕು ಎಲ್ಲಿ ಕಾಣುತ್ತೆ? ದವಡೆಯ ಬುಡ, ಅಡಿಯ ಬೋಲ್ಟಿನ ತೂತುಗಳ ಸುತ್ತ ಕೆರೆದು ನೋಡಬೇಕು.

ಆಮೇಲೆ ಅರ್ಧ ತೆರೆದು ಮುಂದಿನ ದವಡೆ ಅಲ್ಲಾಡಿಸಿ. ಸ್ವಲ್ಪ ಆಡಿದರೆ ಪರವಾಗಿಲ್ಲ, ಗಡಗಡ ಅಂದರೆ ಬೇಡ. ಹಿಡಿಯನ್ನು ಹಿಂದೆಮುಂದೆ ತಿರುಗಿಸುವಾಗ ಅರ್ಧ ಸುತ್ತು ಖಾಲಿ ಹೋದರೆ ಒಳಗಿನ ನಟ್ಟೋ ಸ್ಕ್ರೂವೋ ಸವೆದಿದೆ. ಹಲ್ಲಿನ ಪಟ್ಟಿ ಸವೆದಿದ್ದರೆ ಚಿಂತೆಯಿಲ್ಲ. ಹೆಚ್ಚಿನವುಗಳಲ್ಲಿ ಸ್ಕ್ರೂ ಬಿಚ್ಚಿ ಬದಲಿಸಬಹುದು.

ಮನೆಗೆ 4 ಇಂಚಿನ ಬಾಯಿ ಧಾರಾಳ. ಮೇಜಿಗೆ ಕೂರಿಸುವಾಗ ಒಳದವಡೆ ಅಂಚಿನಿಂದ ತುಸು ಹೊರಗಿರಲಿ. ಇಲ್ಲದಿದ್ದರೆ ಉದ್ದದ ಪೈಪು ನೆಟ್ಟಗೆ ಹಿಡಿಯೋಕೆ ಮೇಜೇ ಅಡ್ಡ.