ಕೊಲ್ಹಾಪುರದ ಧಾಕ್, ಜಪಾನಿನ ಜೂಡೊ

1952ರ ಜುಲೈ, ಹೆಲ್ಸಿಂಕಿ ಒಲಿಂಪಿಕ್ಸ್. ಬ್ಯಾಂಟಮ್‌ವೇಟ್ ಕುಸ್ತಿಯಲ್ಲಿ ಕೊಲ್ಹಾಪುರದಲ್ಲಿ ಪಳಗಿದ ಖಾಶಾಬಾ ಜಾಧವ್ ಮತ್ತು ಜಪಾನಿನ ಶೋಹಾಚಿ ಇಶಿಯಿ ಎದುರುಬದುರಾದರು. ಗೆದ್ದ ಇಶಿಯಿಗೆ ಕೊನೆಗೆ ಚಿನ್ನ ದಕ್ಕಿತು, ಖಾಶಾಬಾಗೆ ಕಂಚು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು. ಇಶಿಯಿ ಮೂಲತಃ ಜೂಡೊ ಪಟು. ಮಹಾಯುದ್ಧದಲ್ಲಿ ಸೋತ ಜಪಾನಿನ ಶಾಲೆಗಳಲ್ಲಿ ಜೂಡೊಗೆ ನಿಷೇಧ ಬಿದ್ದಾಗ ಕುಸ್ತಿಗೆ ಹೊರಳಿದವರು. ಕೊಲ್ಹಾಪುರದ ಪೈಲ್ವಾನನ ಮುಂದೆ ಅಂದು ನಿಂತಿದ್ದು ಒಂದರ್ಥದಲ್ಲಿ ಜೂಡೊವೇ.

ಖಾಶಾಬಾ ಕರಾಡ ಹತ್ತಿರದ ಗೋಳೇಶ್ವರದವರು, ಓದಿದ್ದು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ. ಹೆಲ್ಸಿಂಕಿಗೆ ಹೋಗಲು ದುಡ್ಡಿರಲಿಲ್ಲ. ಪ್ರಾಂಶುಪಾಲ ಖರ್ಡೀಕರ್ ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿ ಹೊಂದಿಸಿಕೊಟ್ಟರು. ಪದಕ ಗೆದ್ದು ಬಂದ ಹುಡುಗನನ್ನು ಊರವರು ನೂರಕ್ಕೂ ಹೆಚ್ಚು ಎತ್ತಿನ ಗಾಡಿಗಳ ಮೆರವಣಿಗೆಯಲ್ಲಿ ಕರೆದೊಯ್ದರು. ಸರ್ಕಾರದ ಅರ್ಜುನ ಪ್ರಶಸ್ತಿ ಬಂದದ್ದು ಮಾತ್ರ ಅವರು 1984ರಲ್ಲಿ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ. ಈ ತಡವನ್ನು ಯಾವ ಸಮಜಾಯಿಷಿಯೂ ಮುಚ್ಚಲಾರದು.

ಖಾಶಾಬಾ ಹೆಸರು ಮಾಡಿದ್ದು ಧಾಕ್ ಪಟ್ಟಿನಲ್ಲಿ. ಎದುರಾಳಿಯ ಕುತ್ತಿಗೆಯನ್ನು ತೋಳಲ್ಲಿ ಬಿಗಿಹಿಡಿದು, ಸೊಂಟದ ಮೇಲೆ ಎತ್ತಿ ಒಗೆಯುವುದು. ಜೂಡೊದ ಕೊಶಿ ಗುರುಮಾ ನೋಡಿದವರಿಗೆ ಎರಡೂ ಅಣ್ಣತಮ್ಮಂದಿರೆಂದು ಗೊತ್ತಾಗುತ್ತದೆ. ನಮ್ಮ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ಹತ್ತಿದರೆ ಚಿತ್. ಜೂಡೊದಲ್ಲೂ ಎದುರಾಳಿಯನ್ನು ರಭಸದಿಂದ, ಹಿಡಿತ ತಪ್ಪದಂತೆ ಬೆನ್ನ ಮೇಲೆ ಕೆಡವಿದರೆ ಇಪ್ಪಾನ್, ಆಟ ಮುಗಿದಂತೆ. ವ್ಯತ್ಯಾಸ ಅಂಗಿಯದು, ನೆಲದ್ದು. ಜೂಡೊ ಪಟು ದಪ್ಪ ಅಂಗಿಯ ಕಾಲರು, ತೋಳು ಹಿಡಿದು ಮ್ಯಾಟಿನ ಮೇಲೆ ಆಡುತ್ತಾನೆ. ಪೈಲ್ವಾನ ಲಂಗೋಟಿಯಲ್ಲಿ, ಅರಿಸಿನ, ಮಜ್ಜಿಗೆ, ಎಣ್ಣೆ, ನಿಂಬೆರಸ ಕಲಸಿ ಹದಮಾಡಿದ ಕೆಮ್ಮಣ್ಣಿನಲ್ಲಿ.

ಜಿಗೊರೊ ಕಾನೊ 1882ರಲ್ಲಿ ಕಟ್ಟಿದ ಜೂಡೊವನ್ನು ಭಾರತಕ್ಕೆ ಕರೆತಂದವರು ಕವಿ ರವೀಂದ್ರರು. 1905ರಲ್ಲಿ ಜಿನ್ನೊಸುಕೆ ಸಾನೊ, 1929ರಲ್ಲಿ ಶಿಂಜೊ ತಕಾಗಾಕಿ ಶಾಂತಿನಿಕೇತನದಲ್ಲಿ ಕಲಿಸಿದರು. ಆದರೆ ಬೇರು ಬಿಡಲು ಹದವಾದ ನೆಲ ಶಾಹೂ ಮಹಾರಾಜರು ಖಾಸಬಾಗ್ ಕುಸ್ತಿ ಮೈದಾನ ಕಟ್ಟಿಸಿದ ಈ ಕೊಲ್ಹಾಪುರ ಸೀಮೆಯದು ಎಂದೇ ನನ್ನ ನಂಬಿಕೆ.

ಅದಕ್ಕೆ ಸಾಕ್ಷಿ ಬೆಳಗಾವಿ. ಅಲ್ಲಿಯ ಕ್ರೀಡಾ ಇಲಾಖೆಯ ಜೂಡೊ ಕೇಂದ್ರದಲ್ಲಿ ಬೆಳೆದ ತುರಮುರಿಯ ರೈತರ ಮಗಳು ಮಲಪ್ರಭಾ ಜಾಧವ್, 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಜೂಡೊದ ನಂಟ ಕುರಾಶ್‌ನ 52 ಕಿಲೊ ವಿಭಾಗದಲ್ಲಿ ಕಂಚು ಗೆದ್ದರು. ಮಣ್ಣಿನ ಹೌದೆಗೆ ಹೆಣ್ಣುಮಕ್ಕಳನ್ನು ಬಹುಕಾಲ ಬಿಡದ ಸೀಮೆಯಲ್ಲಿ ಮ್ಯಾಟು ಬಾಗಿಲು ತೆರೆಯಿತು.

ಗಡಹಿಂಗ್ಲಜದ ಕನ್ನಡದ ಮನೆಗಳಲ್ಲಿ, ಇಚಲಕರಂಜಿಯ ಮಗ್ಗದ ಓಣಿಗಳಲ್ಲಿ ಇಂಥ ಮಕ್ಕಳಿಗೆ ಕೊರತೆಯಿಲ್ಲ. ಊರ ಹಿರಿಯರು ತಾಲೀಮಿನ ಒಂದು ಮೂಲೆಯಲ್ಲಿ ಮ್ಯಾಟು ಹಾಸಿಕೊಡಲಿ. ಕೆಮ್ಮಣ್ಣು ಪಕ್ಕದಲ್ಲಿ ಹಾಗೆಯೇ ಇರಲಿ.