ಹಳೆಯ ಕ್ಯಾಲ್ಕ್ಯುಲೇಟರಿಗೆ ಪೀಣ್ಯದ ಮದ್ದು

ನಲವತ್ತೈದು ವರ್ಷದ ಕ್ಯಾಲ್ಕ್ಯುಲೇಟರೊಂದು ಕೆಟ್ಟಿದೆ ಎಂದರೆ ಎಲ್ಲರ ಅನುಮಾನವೂ ಮೊದಲು ಅದರ ಚಿಪ್ಪಿನ ಮೇಲೆ ಹೋಗುತ್ತದೆ. ಆ ಕಾಲದ ಚಿಪ್ ಈಗೆಲ್ಲಿ ಸಿಗಬೇಕು ಎಂದು ಯಂತ್ರವನ್ನು ಅಟ್ಟಕ್ಕೆ ಎಸೆಯುತ್ತಾರೆ. ಕ್ಯಾಲ್ಕ್ಯುಲೇಟರಿನ ಕಾರ್ಡ್ ರೀಡರು, ಪ್ರಿಂಟರುಗಳ ವಿಷಯದಲ್ಲಂತೂ ಈ ಅನುಮಾನ ಬಹುಮಟ್ಟಿಗೆ ತಪ್ಪು. 1974ರಲ್ಲಿ ಬಂದ ಎಚ್‌ಪಿ-65, ಅಂಗೈಯಲ್ಲಿ ಹಿಡಿಯುವಷ್ಟೇ ಇದ್ದರೂ ಪ್ರೋಗ್ರಾಮನ್ನು ಪುಟ್ಟ ಕಾಂತೀಯ ಕಾರ್ಡಿನಲ್ಲಿ ಬರೆದಿಟ್ಟುಕೊಳ್ಳುತ್ತಿತ್ತು. ಮರುವರ್ಷ ಅಪೊಲೊ-ಸೊಯುಜ್ ಯಾನದಲ್ಲಿ ಬಾಹ್ಯಾಕಾಶಕ್ಕೂ ಹೋಯಿತು. 1977ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಐ-59, 1979ರಲ್ಲಿ ಎಚ್‌ಪಿ-41ಸಿ ಬಂದವು. ಎಚ್‌ಪಿ-41ಕ್ಕೆ ಕಾರ್ಡ್ ರೀಡರನ್ನು ಬೇರೆಯಾಗಿ ಕೊಂಡು ತಲೆಯ ಮೇಲೆ ಸಿಕ್ಕಿಸಬೇಕಿತ್ತು. ಇವೆಲ್ಲದರ ಒಳಗೂ ಕಾರ್ಡನ್ನು ಎಳೆಯಲು ಒಂದು ಸಣ್ಣ ಮೋಟಾರು, ಗೇರುಗಳು, ಕೆಲವೇ ಮಿಲಿಮೀಟರ್ ವ್ಯಾಸದ ಒಂದು ರೋಲರು ಇರುತ್ತವೆ. ಚಿಪ್ಪಿನಲ್ಲಿ ಅಲುಗಾಡುವ ಭಾಗ ಯಾವುದೂ ಇಲ್ಲ. ಸಾಯುವುದು ಆ ರೋಲರು. ರೋಲರು ಸತ್ತರೆ, ಸರಿಯಾಗಿಯೇ ಇರುವ ಉಳಿದದ್ದೆಲ್ಲವೂ ಕಸ ಎನಿಸಿಕೊಳ್ಳುತ್ತದೆ.

ರೋಲರು ಸವೆದು ಸಾಯುವುದಿಲ್ಲ ಎಂಬುದೇ ವಿಚಿತ್ರ. ಒಮ್ಮೆಯೂ ಬಳಸದೆ ಪೆಟ್ಟಿಗೆಯಲ್ಲೇ ಇಟ್ಟ ರೀಡರಿನಲ್ಲೂ ರೋಲರು ಮಳೆಗಾಲದಲ್ಲಿ ನೀರೊಡೆದ ಬೆಲ್ಲದಂತೆ ಜಿನುಗಿ ಅಂಟಾಗಿರುತ್ತದೆ. ಕೆಲವು ಬಗೆಯ ಪಾಲಿಯುರೆಥೇನುಗಳಲ್ಲಿ ಅಣುಗಳ ಉದ್ದನೆಯ ಸರಪಳಿಯನ್ನು ಗಾಳಿಯ ತೇವಾಂಶ ನಿಧಾನವಾಗಿ ಕತ್ತರಿಸುತ್ತಾ ಹೋಗುತ್ತದೆ. ಸರಪಳಿ ತುಂಡಾದಷ್ಟೂ ಗಟ್ಟಿ ವಸ್ತು ಮೆತ್ತಗಾಗಿ ಕೊನೆಗೆ ಅಂಟಾಗುತ್ತದೆ. ಆ ಅಂಟು ಕಾರ್ಡಿಗೆ ಮೆತ್ತಿಕೊಂಡು ಓದುವ ಹೆಡ್ಡಿನ ಮೇಲೆ ಕೂರುತ್ತದೆ, ಗೇರಿನ ಹಲ್ಲುಗಳ ನಡುವೆ ಸೇರುತ್ತದೆ. ಆದ್ದರಿಂದ, ಕೆಲಸ ಮಾಡುತ್ತದೆಯೇ ನೋಡೋಣ ಎಂದು ಮಾಲೀಕರು ಮೊದಲು ತೂರಿಸುವ ಕಾರ್ಡೇ ಹೆಚ್ಚು ಹಾನಿ ಮಾಡುತ್ತದೆ. ಬಿಚ್ಚಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ರೋಲರಿನೊಳಗಿನ ಲೋಹದ ಬುಷ್ ಬರಿದಾಗಿ ಕಾಣುವವರೆಗೂ ಕಾರ್ಡನ್ನು ಹತ್ತಿರ ತರಬಾರದು.

ಬರಿದಾದ ಬುಷ್ಷಿಗೆ ಏನು ತೊಡಿಸಬೇಕು? ಸುಲಭದ ದಾರಿ ಕೈಗೆ ಸಿಕ್ಕ ಸಿಲಿಕೋನ್ ಕೊಳವೆಯನ್ನೋ ಓ-ರಿಂಗನ್ನೋ ಏರಿಸುವುದು. ಕಾರ್ಡು ಓಡುತ್ತದೆ, ಮಾಲೀಕರಿಗೂ ಸಂತೋಷ. ಆದರೆ ಕಾರ್ಡು ಓಡುವ ವೇಗವನ್ನು ನಿರ್ಧರಿಸುವುದು ರೋಲರಿನ ಸುತ್ತಳತೆ. ಆರು ಮಿಲಿಮೀಟರ್ ಇರಬೇಕಾದ ವ್ಯಾಸ ಆರೂಕಾಲಿಗೂ ಸ್ವಲ್ಪ ಹೆಚ್ಚಾಗಿ 6.3 ಆದರೆ, ಮೋಟಾರು ಅದೇ ಗತಿಯಲ್ಲಿ ತಿರುಗಿದರೂ ಕಾರ್ಡು ಶೇಕಡ 5ರಷ್ಟು ಬೇಗ ಹೋಗುತ್ತದೆ. ಬರೆಯುವಾಗ ಬಿಟ್ಟುಗಳು ಅಷ್ಟೇ ದೂರ ದೂರ ಬೀಳುತ್ತವೆ. ಹೊಂದಿಸಿಕೊಳ್ಳುವ ಅವಕಾಶ ಯಂತ್ರದಲ್ಲಿ ಸ್ವಲ್ಪ ಇರಬಹುದು. ಆದರೆ ಕೆಟ್ಟ ಅಳತೆಯನ್ನು ಮುಚ್ಚಿಕೊಳ್ಳಲು ಅದನ್ನೆಲ್ಲ ಖರ್ಚು ಮಾಡಿದರೆ ಬ್ಯಾಟರಿ ಇಳಿದ ದಿನಕ್ಕೆ ಏನೂ ಉಳಿಯುವುದಿಲ್ಲ. ಗಡಸುತನದ್ದೂ ಇದೇ ಕಥೆ. ತೀರ ಗಟ್ಟಿಯಾದರೆ ಕಾರ್ಡು ಜಾರುತ್ತದೆ, ತೀರ ಮೆತ್ತಗಾದರೆ ಒತ್ತಿ ಚಪ್ಪಟೆಯಾಗುತ್ತದೆ. ಇಂಥ ರಿಪೇರಿಯ ಜೀವ ರಬ್ಬರಿನಲ್ಲಿಲ್ಲ, ಅಳತೆಯಲ್ಲಿದೆ. ಅಳತೆ ಬರೆದಿಟ್ಟ ಡ್ರಾಯಿಂಗ್ ಒಂದಿದ್ದರೆ ಬಿಡಿಭಾಗ ಎಷ್ಟು ಸಲ ಬೇಕಾದರೂ ಹುಟ್ಟಬಲ್ಲದು. ಕಂಪನಿಯ ಸರ್ವಿಸ್ ಪುಸ್ತಕದಲ್ಲಿ ಇರುವುದು ಬಿಡಿಭಾಗದ ನಂಬರು. ದಾಸ್ತಾನು ಮುಗಿದ ಮೇಲೆ ಆ ನಂಬರು ಯಾರ ಉಪಯೋಗಕ್ಕೂ ಬರುವುದಿಲ್ಲ.

ಇಲ್ಲಿ ಬೆಂಗಳೂರಿನ ಮಾತು ಬರುತ್ತದೆ. ಪೀಣ್ಯ ಕೈಗಾರಿಕಾ ಪ್ರದೇಶದ ರಸ್ತೆಗಳಲ್ಲಿ ಒಂದು ಶೆಡ್ಡಿನಲ್ಲಿ ಲೇಥು, ಪಕ್ಕದ್ದರಲ್ಲಿ ಗ್ರೈಂಡಿಂಗ್, ಎದುರಿಗೆ ವೈರ್‌ಕಟ್, ಇನ್ನೊಂದು ತಿರುವಿನಲ್ಲಿ ರಬ್ಬರ್ ಮೋಲ್ಡಿಂಗ್. ದೊಡ್ಡ ಕಾರ್ಖಾನೆಗಳಿಗೆ ಜಾಬ್ ವರ್ಕ್ ಮಾಡಿಯೇ ಬೆಳೆದ ಈ ಶೆಡ್ಡುಗಳಲ್ಲಿ ಮಿಲಿಮೀಟರಿನ ನೂರನೆಯ ಒಂದು ಭಾಗ ಎಂಬುದು ದಿನನಿತ್ಯದ ಮಾತು. ಆ ಕೌಶಲ ತಾನಾಗಿ ಬಂದದ್ದಲ್ಲ. 1953ರಲ್ಲಿ ಜಾಲಹಳ್ಳಿಗೆ ಬಂದ ಎಚ್‌ಎಂಟಿ, 1962ರಲ್ಲಿ ತುಮಕೂರು ರಸ್ತೆಯಲ್ಲಿ ಶುರುವಾದ ಯಂತ್ರೋಪಕರಣ ಸಂಶೋಧನಾ ಸಂಸ್ಥೆ ಸಿಎಂಟಿಐ, 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ರಾಜಾಜಿನಗರದಲ್ಲಿ ನೆಲೆಗೊಂಡ ತರಬೇತಿ ಕೇಂದ್ರ ಜಿಟಿಟಿಸಿ, ಪೀಣ್ಯದಲ್ಲೇ ಇರುವ ಇನ್ನೊಂದು ತರಬೇತಿ ಸಂಸ್ಥೆ ಎನ್‌ಟಿಟಿಎಫ್ ಇವುಗಳ ನಡುವೆ ಅಚ್ಚು, ಉಪಕರಣಗಳನ್ನು ಮಾಡುವ ಟೂಲ್ ರೂಮಿನ ವಿದ್ಯೆ ತಲೆಮಾರುಗಳಿಂದ ಇಲ್ಲಿ ಇಳಿದುಬಂದಿದೆ. ಹಿತ್ತಾಳೆಯ ಬುಷ್ ತಿರುಗಿಸಿ, ಮೇಲೆ ರಬ್ಬರು ಕೂರಿಸಿ, ಬೇಕಾದ ವ್ಯಾಸಕ್ಕೆ ಗ್ರೈಂಡ್ ಮಾಡುವುದು ಇಂಥವರಿಗೆ ಕಷ್ಟದ ಕೆಲಸವೇ ಅಲ್ಲ. ಅವರ ಕೈಗೆ ಡ್ರಾಯಿಂಗ್ ಬರಬೇಕು, ಅಷ್ಟೆ. ನಗರದ ಇನ್ನೊಂದು ತುದಿಯಲ್ಲಿ ಇರುವವರನ್ನೂ ನೆನೆಯಬೇಕು. 1967ರಲ್ಲೇ ಕೈಯಲ್ಲಿ ಹಿಡಿಯುವ ಕ್ಯಾಲ್ಕ್ಯುಲೇಟರಿನ ಮೊದಲ ಮಾದರಿ ಮಾಡಿದ್ದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂತು. ಎಚ್‌ಪಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಕೇಂದ್ರ ನಡೆಸಿತು. ಆ ಯಂತ್ರಗಳನ್ನು ಮಾಡಿದ ಕಂಪನಿಗಳ ಹೆಸರೂ ಅವನ್ನು ಉಳಿಸಬಲ್ಲ ಕೈಗಳೂ ಒಂದೇ ಊರಲ್ಲಿ ಇದ್ದು ಪರಸ್ಪರ ಅಪರಿಚಿತವಾಗಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಈಗ ಯಾರನ್ನು ಕೇಳಿದರೂ ತ್ರಿಡಿ ಪ್ರಿಂಟರಿನಲ್ಲಿ ಅಚ್ಚು ಹಾಕಿಕೊಂಡರೆ ಆಯಿತಲ್ಲ ಎನ್ನುತ್ತಾರೆ. ರೀಡರಿನ ಹೊರಕವಚಕ್ಕೋ ಬ್ಯಾಟರಿಯ ಮುಚ್ಚಳಕ್ಕೋ ಅದು ಸಾಕು. ಗೇರಿನ ವಿಷಯ ಬೇರೆ. ಲೋಹದ ಶಾಫ್ಟಿಗೆ ಬಿಗಿಯಾಗಿ ಒತ್ತಿ ಕೂರಿಸಿದ ಪ್ಲಾಸ್ಟಿಕ್ ಗೇರು ವರ್ಷಾನುಗಟ್ಟಲೆ ಒಳಗಿನಿಂದ ಹಿಗ್ಗಿಸಿಕೊಂಡೇ ನಿಂತಿರುತ್ತದೆ. ಒಂದು ದಿನ ಎರಡು ಹಲ್ಲುಗಳ ನಡುವೆ ಬಿರುಕು ಬಿಡುತ್ತದೆ. ಬಿರುಕು ಕೂದಲೆಳೆಯಷ್ಟೇ ಇದ್ದರೂ ಆ ಎರಡು ಹಲ್ಲುಗಳ ಅಂತರ ಅಗಲವಾಗಿ ಪ್ರತಿ ಸುತ್ತಿಗೊಮ್ಮೆ ಗೇರು ತಡೆಯುತ್ತದೆ. ಹೊಸದನ್ನು ಮಾಡಿಸಲು ಬೇಕಾದ ಲೆಕ್ಕ ಐಟಿಐ ವಿದ್ಯಾರ್ಥಿಗೂ ಗೊತ್ತು: ಸಾಮಾನ್ಯ ಗೇರಾದರೆ ಹೊರವ್ಯಾಸವನ್ನು ಹಲ್ಲುಗಳ ಸಂಖ್ಯೆಗೆ ಎರಡು ಕೂಡಿಸಿ ಬಂದದ್ದರಿಂದ ಭಾಗಿಸಿದರೆ ಹಲ್ಲಿನ ಗಾತ್ರದ ಅಳತೆಯಾದ ಮಾಡ್ಯೂಲ್ ಸಿಗುತ್ತದೆ. ಮೂವತ್ತು ಹಲ್ಲು, 9.6 ಮಿಲಿಮೀಟರ್ ಹೊರವ್ಯಾಸ ಇದ್ದರೆ ಮಾಡ್ಯೂಲ್ 0.3. ಅಷ್ಟು ಸಣ್ಣ ಹಲ್ಲನ್ನು ಪ್ಲಾಸ್ಟಿಕ್ ಎಳೆಯನ್ನು ಪದರ ಪದರವಾಗಿ ಸುರಿಯುವ ಸಾಮಾನ್ಯ ಪ್ರಿಂಟರು ಚೊಕ್ಕವಾಗಿ ಮೂಡಿಸಲಾರದು. ಹಿತ್ತಾಳೆಯಲ್ಲೋ ಅಸಿಟಾಲ್ ಪ್ಲಾಸ್ಟಿಕ್ಕಿನಲ್ಲೋ ಕತ್ತರಿಸಿದ ಗೇರು ಬೇಕು. ಬಿರುಕು ಬಿಟ್ಟ ಗೇರನ್ನು ಅಳೆದರೆ ಅಳತೆ ಹಿಗ್ಗಿಯೇ ಬರುತ್ತದೆ ಎಂಬ ಎಚ್ಚರವೂ ಇರಬೇಕು. ರಂಧ್ರವನ್ನು ಮೊದಲಿನಷ್ಟೇ ಬಿಗಿಯಾಗಿ ಕೊರೆಸಿದರೆ ಪ್ಲಾಸ್ಟಿಕ್ಕಿನ ಹೊಸ ಗೇರೂ ಅದೇ ಕಾಯಿಲೆಯಿಂದ ಸಾಯುತ್ತದೆ. ಶಾಫ್ಟಿನ ಮೇಲೆ ಸಲೀಸಾಗಿ ಕೂರುವಂತೆ ಕೊರೆದು ಅಂಟಿನಿಂದ ಹಿಡಿಸುವುದು ಲೇಸು.

ತ್ರಿಡಿ ಪ್ರಿಂಟರಿನ ಮಾತಿಗಿಂತ ಗಟ್ಟಿಯಾದ ಆಕ್ಷೇಪವೊಂದಿದೆ. ಆ ಕ್ಯಾಲ್ಕ್ಯುಲೇಟರುಗಳ ತದ್ರೂಪು ಮೊಬೈಲಿನಲ್ಲೇ ಸಿಗುವಾಗ ಇಷ್ಟೆಲ್ಲ ಯಾಕೆ? ಲೆಕ್ಕ ಮಾಡುವುದೊಂದೇ ಉದ್ದೇಶವಾದರೆ ಯಾಕೂ ಬೇಡ, ಒಪ್ಪುತ್ತೇನೆ. ಆದರೆ ಮೊಬೈಲು ಕಾರ್ಡನ್ನು ಓದಲಾರದು. ಎಚ್‌ಪಿ-41ರ ಒಂದು ಕಾರ್ಡಿನಲ್ಲಿ ಹಿಡಿಯುವುದು 224 ಬೈಟು ಮಾತ್ರ. ಅಷ್ಟರಲ್ಲೇ ಒಬ್ಬ ಸರ್ವೇಯರನೋ ಸೇತುವೆಯ ಎಂಜಿನಿಯರನೋ ತನ್ನ ಕೆಲಸಕ್ಕೆಂದೇ ಹೊಸೆದ ಪ್ರೋಗ್ರಾಮು ಇರಬಹುದು. ಅದನ್ನು ಹೊರತೆಗೆಯಲು ಸರಿಯಾದ ವೇಗದಲ್ಲಿ ಓಡುವ ರೋಲರು ಬೇಕು. ಒಂದು ಸಲ ಓದಿ ಕಂಪ್ಯೂಟರಿಗೆ ಇಳಿಸಿಕೊಂಡರೆ ಆಮೇಲೆ ರೀಡರಿನ ಹಂಗಿಲ್ಲ. ಆದರೆ ಆ ಒಂದು ಸಲ ಬೇಕೇ ಬೇಕು.

ಖರ್ಚಿನ ಮಾತೂ ನ್ಯಾಯವಾದದ್ದೇ. ಒಂದೇ ರೋಲರು ಮಾಡಿಕೊಡಿ ಎಂದರೆ ಯಾವ ಶೆಡ್ಡಿನವರಿಗೂ ಮೆಷಿನ್ ಸೆಟ್ ಮಾಡುವ ಹೊತ್ತಿನ ಕೂಲಿಯೂ ಗಿಟ್ಟುವುದಿಲ್ಲ. ಐವತ್ತು ಮಾಡಿಸಿದರೆ ಆ ಹೊತ್ತು ಐವತ್ತರ ಮೇಲೆ ಹಂಚಿಹೋಗುತ್ತದೆ. ಒಂದೇ ಮಾದರಿಯ ಯಂತ್ರ ಇರುವವರು ದೇಶದೆಲ್ಲೆಡೆ ಇದ್ದಾರೆ. ಎಲ್ಲರಿಗೂ ಒಂದೇ ಡ್ರಾಯಿಂಗ್ ಸಾಕು. ಕಾನೂನಿನ ಭಯವೂ ದೊಡ್ಡದಲ್ಲ, ಪೇಟೆಂಟಿನ ಆಯುಸ್ಸು 20 ವರ್ಷ, ಈ ಯಂತ್ರಗಳಿಗೆ ಅದು ಎಂದೋ ಮುಗಿದಿದೆ. ಇನ್ನು ಸರ್ಕಾರದ ಕಡೆ ನೋಡಿದರೆ, ರಿಪೇರಿಯ ಹಕ್ಕಿನ ಚೌಕಟ್ಟು ರೂಪಿಸಲು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಸಮಿತಿ ಮಾಡಿತು. ಅದು ಮೊದಲಿಗೆ ಆರಿಸಿಕೊಂಡದ್ದು ಕೃಷಿ ಉಪಕರಣ, ಮೊಬೈಲು ಮತ್ತು ಟ್ಯಾಬ್ಲೆಟ್, ಮನೆಬಳಕೆಯ ಯಂತ್ರ, ವಾಹನ ಎಂಬ ನಾಲ್ಕು ವಲಯಗಳನ್ನು. ಕಂಪನಿಗಳು ಕೈಬಿಟ್ಟ ಹಳೆಯ ಸಾಧನಗಳಿಗೆ ಅಲ್ಲಿಂದ ಬೇಗ ನೆರವು ಬಂದೀತೆಂದು ಕಾಯುವುದು ವ್ಯರ್ಥ. ಅದರ ಬದಲು, ಟೂಲ್ ರೂಮ್ ವಿದ್ಯೆ ಕಲಿಸುವ ಸಂಸ್ಥೆಗಳು ವರ್ಷಕ್ಕೆ ಇಬ್ಬರು ವಿದ್ಯಾರ್ಥಿಗಳಿಗೆ ಇಂಥ ಒಂದು ಬಿಡಿಭಾಗವನ್ನು ಬಿಚ್ಚಿ, ಅಳೆದು, ವ್ಯಾಸ, ಅಳತೆಯಲ್ಲಿ ಒಪ್ಪಬಹುದಾದ ವ್ಯತ್ಯಾಸ, ರಬ್ಬರಿನ ಗಡಸುತನ, ಯಾವ ರಬ್ಬರು ಬಳಸಬಾರದು ಎಂಬುದನ್ನೂ ಸೇರಿಸಿ ಡ್ರಾಯಿಂಗ್ ಮಾಡುವ ಪ್ರಾಜೆಕ್ಟು ಕೊಡಬಹುದು. ಆ ಡ್ರಾಯಿಂಗನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಡಬೇಕು. ಮೊದಲ ಡ್ರಾಯಿಂಗ್ ಎಚ್‌ಪಿ-41ರ ಕಾರ್ಡ್ ರೀಡರಿನ ರೋಲರಿನದೇ ಆಗಲಿ. ಅದಕ್ಕೆ ಬೇಕಾದುದು ಒಂದು ಹಾಳಾದ ರೀಡರು, ಒಂದು ಮೈಕ್ರೋಮೀಟರು, ಒಂದು ವಾರದ ಬಿಡುವು.