ಇಂಟರ್‌ಲೇಸ್ಡ್ ವೀಡಿಯೊ ಸಂಪಾದನೆಯ ತೊಡಕುಗಳು

ಇಂಟರ್‌ಲೇಸ್ಡ್ ವೀಡಿಯೊ ಎಂಬುದು ಪ್ರತಿಯೊಂದು ಫ್ರೇಮನ್ನೂ ಎರಡು ಫೀಲ್ಡ್‌ಗಳಾಗಿ ವಿಂಗಡಿಸಿ, ಒಂದರಲ್ಲಿ ಬೆಸ ಸಂಖ್ಯೆಯ ಸಾಲುಗಳನ್ನೂ ಇನ್ನೊಂದರಲ್ಲಿ ಸಮ ಸಂಖ್ಯೆಯ ಸಾಲುಗಳನ್ನೂ ದಾಖಲಿಸುವ ವೀಡಿಯೊ ಪದ್ಧತಿಯಾಗಿದೆ. ಈ ಎರಡು ಫೀಲ್ಡ್‌ಗಳು ಒಂದೇ ಕ್ಷಣದ ಚಿತ್ರಗಳಲ್ಲ. ಪಾಲ್ ಪದ್ಧತಿಯಲ್ಲಿ ಅವುಗಳ ನಡುವೆ ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಅಂತರವಿರುತ್ತದೆ. ಆದ್ದರಿಂದ ಸೆಕೆಂಡಿಗೆ 25 ಫ್ರೇಮ್‌ಗಳೆಂದು ನಮೂದಾಗಿರುವ ಕಡತದಲ್ಲಿ ವಾಸ್ತವವಾಗಿ ಚಲನೆಯ 50 ಬೇರೆ ಬೇರೆ ಕ್ಷಣಗಳು ಅಡಗಿರುತ್ತವೆ.

ಇಂತಹ ದೃಶ್ಯಾವಳಿಯನ್ನು ಇಂದಿನ ಸಂಪಾದನಾ ತಂತ್ರಾಂಶಗಳಲ್ಲಿ ತೆರೆದಾಗ ಚಲಿಸುವ ವಸ್ತುಗಳ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂತಹ ಗೆರೆಗಳು, ನಡುಕ, ಮಿನುಗು ಮುಂತಾದವು ಕಾಣಿಸಿಕೊಳ್ಳುತ್ತವೆ. ಇವುಗಳಲ್ಲಿ ಕೆಲವು ದೃಶ್ಯಾವಳಿಯ ದೋಷಗಳೇ ಅಲ್ಲ. ಅವು ಕಂಪ್ಯೂಟರ್ ಪರದೆಯ ಸ್ವಭಾವದಿಂದ ಉಂಟಾದವು. ನಿಜವಾದ ದೋಷಗಳಲ್ಲಿ ಕೆಲವು ಅದೇ ಪರದೆಯ ಮೇಲೆ ಕಾಣುವುದೇ ಇಲ್ಲ. ಈ ವ್ಯತ್ಯಾಸವನ್ನು ಗಮನಿಸದೆ ಮಾಡಿದ ಪರಿವರ್ತನೆಯಿಂದ ಚಲನೆಯ ಅರ್ಧದಷ್ಟು ಮಾಹಿತಿ ಮರಳಿ ಪಡೆಯಲಾಗದಂತೆ ನಷ್ಟವಾಗಬಹುದು.

ಹಿನ್ನೆಲೆ

ಹಳೆಯ ಚಿತ್ರನಳಿಕೆಯ ಟಿವಿಯಲ್ಲಿ ಸೆಕೆಂಡಿಗೆ 25 ಬಾರಿ ಮಾತ್ರ ಚಿತ್ರ ಮೂಡಿದರೆ ಪರದೆ ಮಿನುಗುತ್ತದೆ; 50 ಪೂರ್ಣ ಚಿತ್ರಗಳನ್ನು ಕಳುಹಿಸಿದರೆ ಪ್ರಸಾರಕ್ಕೆ ಬೇಕಾದ ತರಂಗಪಟ್ಟಿಯ ಅಗಲ ಇಮ್ಮಡಿಯಾಗುತ್ತದೆ. ಅರ್ಧರ್ಧ ಚಿತ್ರಗಳನ್ನು 50 ಬಾರಿ ಕಳುಹಿಸುವುದು ಇದಕ್ಕೆ ಕಂಡುಕೊಂಡ ಉಪಾಯ. ಜರ್ಮನಿಯ ಟೆಲಿಫುಂಕೆನ್ ಸಂಸ್ಥೆಯ ಫ್ರಿಟ್ಜ್ ಶ್ರೋಟರ್ 1930ರಲ್ಲಿಯೂ ಅಮೆರಿಕದ ಆರ್‌ಸಿಎ ಸಂಸ್ಥೆಯ ರ‍್ಯಾಂಡಲ್ ಬಲ್ಲಾರ್ಡ್ 1932ರಲ್ಲಿಯೂ ಈ ಕಲ್ಪನೆಗೆ ಪೇಟೆಂಟ್ ಕೋರಿದರು. ಬಿಬಿಸಿ 1936ರಲ್ಲಿ ಆರಂಭಿಸಿದ 405 ಸಾಲುಗಳ ಪ್ರಸಾರ ಇದೇ ಪದ್ಧತಿಯದು. ಭಾರತದಲ್ಲಿ ದೂರದರ್ಶನವು 1982ರಲ್ಲಿ ವರ್ಣ ಪ್ರಸಾರಕ್ಕೆ ತೊಡಗಿದಾಗ ಬಳಸಿದ ಪಾಲ್ ಪದ್ಧತಿಯಲ್ಲಿ ಒಟ್ಟು 625 ಸಾಲುಗಳಿದ್ದು, ಅವುಗಳಲ್ಲಿ 576 ಚಿತ್ರಕ್ಕೆ ಮೀಸಲಾಗಿದ್ದವು. ವಿಎಚ್‌ಎಸ್, ಬೀಟಾಕ್ಯಾಮ್, ಮಿನಿಡಿವಿ ಟೇಪುಗಳಲ್ಲಿ ಉಳಿದಿರುವ ಮದುವೆ, ನಾಟಕ, ಯಕ್ಷಗಾನಗಳ ದಾಖಲೆಗಳು ಬಹುಪಾಲು ಇದೇ ಬಗೆಯವು.

ಅತ್ಯುಚ್ಚ ಸ್ಪಷ್ಟತೆಯ ಟಿವಿಗಾಗಿ 2012ರಲ್ಲಿ ಪ್ರಕಟವಾದ ಬಿಟಿ.2020 ಶಿಫಾರಸು ಇಂಟರ್‌ಲೇಸಿಂಗನ್ನು ಸಂಪೂರ್ಣವಾಗಿ ಕೈಬಿಟ್ಟಿದೆ. ಆದರೂ ಎಚ್‌ಡಿ ಪ್ರಸಾರದಲ್ಲಿ 1080ಐ ರೂಪ ಇನ್ನೂ ಬಳಕೆಯಲ್ಲಿದೆ.

ಪರದೆ ತೋರಿಸುವುದು, ಮರೆಮಾಚುವುದು

ಚಿತ್ರನಳಿಕೆಯ ಟಿವಿ ಒಂದು ಫೀಲ್ಡನ್ನು ಬರೆದು, ಅದು ಮಾಸುವ ಹೊತ್ತಿಗೆ ಇನ್ನೊಂದನ್ನು ಬರೆಯುತ್ತದೆ. ಕಂಪ್ಯೂಟರಿನ ಎಲ್‌ಸಿಡಿ ಪರದೆಯಾದರೋ ಎಲ್ಲ ಸಾಲುಗಳನ್ನೂ ಒಟ್ಟಿಗೆ ಹಿಡಿದು ನಿಲ್ಲಿಸುತ್ತದೆ. ಓಡುವ ಮಗುವಿನ ಕೈ ಎರಡು ಕ್ಷಣಗಳಲ್ಲಿ ಎರಡು ಕಡೆ ಇದ್ದುದರಿಂದ, ಎರಡನ್ನೂ ಒಮ್ಮೆಗೇ ತೋರಿಸಿದಾಗ ಬಾಚಣಿಗೆ ಗೆರೆಗಳು ಮೂಡುತ್ತವೆ. ನಿಶ್ಚಲ ಹಿನ್ನೆಲೆಯಲ್ಲಿ ಗೆರೆಗಳಿಲ್ಲದೆ ಚಲಿಸುವ ಭಾಗದಲ್ಲಿ ಮಾತ್ರ ಅವು ಕಂಡರೆ ದೃಶ್ಯಾವಳಿ ಆರೋಗ್ಯಕರವಾಗಿದೆ ಎಂದೇ ಸಾಮಾನ್ಯವಾಗಿ ತಿಳಿಯಬೇಕು. ಗೆರೆ ಕಂಡೊಡನೆ ಡಿಇಂಟರ್‌ಲೇಸ್ ಗುಂಡಿಯನ್ನು ಒತ್ತುವ ಅವಸರವೇ ಅನೇಕ ಹಾನಿಗಳಿಗೆ ಮೂಲವಾಗಿದೆ.

ಇದಕ್ಕೆ ವಿರುದ್ಧವಾದ ಭ್ರಮೆಯೂ ಉಂಟು. ಸಂಪಾದನಾ ತಂತ್ರಾಂಶದ ಪೂರ್ವವೀಕ್ಷಣೆಯನ್ನು ಅರ್ಧ ಸ್ಪಷ್ಟತೆಗೆ ಇಳಿಸಿದಾಗ ಕೆಲವು ತಂತ್ರಾಂಶಗಳು ಒಂದು ಫೀಲ್ಡನ್ನು ಮಾತ್ರ ತೋರಿಸುತ್ತವೆ. ಆಗ ಗೆರೆಗಳು ಮಾಯವಾಗಿ, ಎಲ್ಲವೂ ಸರಿಯಿದೆ ಎಂಬ ತಪ್ಪು ನಂಬಿಕೆ ಹುಟ್ಟುತ್ತದೆ. ಅಡೋಬಿ ಪ್ರೀಮಿಯರ್ ಪ್ರೊ ತಂತ್ರಾಂಶದ ಮಾನಿಟರ್ ಆಯ್ಕೆಗಳಲ್ಲಿ ಮೊದಲ ಫೀಲ್ಡ್, ಎರಡನೆಯ ಫೀಲ್ಡ್ ಅಥವಾ ಎರಡೂ ಎಂಬ ಆಯ್ಕೆಯನ್ನು ನೀಡಲಾಗಿದೆ. ಮೊದಲ ಫೀಲ್ಡ್ ಆಯ್ಕೆಯಾಗಿದ್ದರೆ ಗೆರೆಗಳು ಕಾಣುವುದಿಲ್ಲ. ವಿಎಲ್‌ಸಿಯಂತಹ ಪ್ಲೇಯರ್‌ಗಳು ತಾವಾಗಿಯೇ ಡಿಇಂಟರ್‌ಲೇಸ್ ಮಾಡಿ ತೋರಿಸಬಲ್ಲವಾದ್ದರಿಂದ, ಅವುಗಳಲ್ಲಿ ಸರಿಯಾಗಿ ಕಂಡದ್ದು ಕಡತ ಸರಿಯಿದೆ ಎಂಬುದಕ್ಕೆ ಸಾಕ್ಷಿಯಾಗದು. ಪರೀಕ್ಷೆಗೆ ಪೂರ್ಣ ಸ್ಪಷ್ಟತೆ, ನೂರು ಶೇಕಡ ಗಾತ್ರ, ಎರಡೂ ಫೀಲ್ಡ್‌ಗಳ ಪ್ರದರ್ಶನ ಅಗತ್ಯ.

ಹೆಚ್ಚಿನ ಕಂಪ್ಯೂಟರ್ ಪರದೆಗಳು ಸೆಕೆಂಡಿಗೆ 60 ಬಾರಿ ನವೀಕರಣಗೊಳ್ಳುತ್ತವೆ. 25 ಅಥವಾ 50ರ ದರ ಅದರಲ್ಲಿ ಸಮವಾಗಿ ಕೂರುವುದಿಲ್ಲ. ಕ್ಯಾಮೆರಾ ಅಡ್ಡಲಾಗಿ ತಿರುಗುವಾಗ ಕಾಣುವ ಸಣ್ಣ ತಡವರಿಕೆಗೆ ಇದೂ ಕಾರಣವಾಗಿರಬಹುದು. ಪರದೆಯನ್ನು 50 ಹರ್ಟ್ಜ್‌ಗೆ ಬದಲಿಸಿ ನೋಡಿದರೆ ತಿಳಿಯುತ್ತದೆ. ಪ್ರಸಾರಕ್ಕೆ ಕೊಡಬೇಕಾದ ಕೆಲಸದಲ್ಲಿ ಮಾತ್ರ ಇಂತಹ ಊಹೆಗಳಿಗೆ ಅವಕಾಶವಿಲ್ಲ. ಅಲ್ಲಿ ಎಸ್‌ಡಿಐ ಅಥವಾ ಎಚ್‌ಡಿಎಂಐ ಔಟ್‌ಪುಟ್ ಕಾರ್ಡ್ ಮೂಲಕ ಇಂಟರ್‌ಲೇಸ್ಡ್ ಸಂಕೇತವನ್ನೇ ಹೊರತೆಗೆದು ಪ್ರತ್ಯೇಕ ಮಾನಿಟರಿನಲ್ಲಿ ನೋಡಲಾಗುತ್ತದೆ.

ಫೀಲ್ಡ್ ಕ್ರಮದ ದೋಷ

ಎರಡು ಫೀಲ್ಡ್‌ಗಳಲ್ಲಿ ಯಾವುದು ಮೊದಲು ಎಂಬುದನ್ನು ಫೀಲ್ಡ್ ಕ್ರಮ ಎನ್ನುತ್ತಾರೆ. ಡಿವಿ ಟೇಪುಗಳಲ್ಲಿ ಕೆಳ ಫೀಲ್ಡ್ ಮೊದಲು. ಎಚ್‌ಡಿವಿ, ಎವಿಸಿಎಚ್‌ಡಿ ಸೇರಿದಂತೆ 1080ಐ ರೂಪಗಳಲ್ಲಿ ಮೇಲಿನ ಫೀಲ್ಡ್ ಮೊದಲು. ಡಿವಿ ದೃಶ್ಯವನ್ನು ತಪ್ಪಾಗಿ ಮೇಲಿನ ಫೀಲ್ಡ್ ಮೊದಲೆಂದು ಓದಿದರೆ 1, 2, 3, 4 ಎಂಬ ಕ್ಷಣಗಳು 2, 1, 4, 3 ಎಂದು ಮೂಡುತ್ತವೆ. ವಸ್ತು ಒಂದು ಹೆಜ್ಜೆ ಹಿಂದೆ, ಮೂರು ಹೆಜ್ಜೆ ಮುಂದೆ ಎಂಬಂತೆ ನಡುಗುತ್ತದೆ.

ನಿಲ್ಲಿಸಿದ ಒಂದು ಫ್ರೇಮನ್ನು ನೋಡಿ ಈ ದೋಷವನ್ನು ಗುರುತಿಸಲು ಸಾಧ್ಯವಿಲ್ಲ ಎಂಬುದು ಇಲ್ಲಿನ ಮುಖ್ಯ ಸಂಗತಿ. ಕ್ರಮ ಸರಿಯಿರಲಿ ತಪ್ಪಿರಲಿ, ಬಾಚಣಿಗೆ ಗೆರೆಗಳು ಒಂದೇ ಬಗೆಯಾಗಿ ಕಾಣುತ್ತವೆ. ಪರೀಕ್ಷಿಸಲು ಚುರುಕಾದ ಚಲನೆಯಿರುವ ತುಣುಕನ್ನು ತಾತ್ಕಾಲಿಕವಾಗಿ ಸೆಕೆಂಡಿಗೆ 50 ಫ್ರೇಮ್‌ಗಳ ಪ್ರೋಗ್ರೆಸಿವ್ ರೂಪಕ್ಕೆ ಪರಿವರ್ತಿಸಿ, ಒಂದೊಂದೇ ಫ್ರೇಮನ್ನು ಮುಂದೆ ಸರಿಸುತ್ತ ನೋಡಬೇಕು. ಚಲನೆ ಒಂದೇ ದಿಕ್ಕಿನಲ್ಲಿ ಸಾಗಿದರೆ ಕ್ರಮ ಸರಿ. ಎಫ್‌ಎಫ್‌ಎಂಪೆಗ್‌ನಲ್ಲಿರುವ ಐಡೆಟ್ ಎಂಬ ಫಿಲ್ಟರ್ ಇದೇ ಕೆಲಸವನ್ನು ಲೆಕ್ಕಾಚಾರದಿಂದ ಮಾಡುತ್ತದೆ. ಕ್ರಮ ತಪ್ಪಿದ್ದರೆ ಚಿತ್ರವನ್ನು ಬದಲಿಸುವ ಅಗತ್ಯವಿಲ್ಲ; ತುಣುಕಿನ ಗುಣಲಕ್ಷಣಗಳಲ್ಲಿ ಫೀಲ್ಡ್ ಕ್ರಮದ ನಮೂದನ್ನು ತಿದ್ದಿದರೆ ಸಾಕಾಗುತ್ತದೆ.

ಸಂಪಾದನೆಯ ನಡುವೆಯೂ ಕ್ರಮ ಕೆಡುವುದುಂಟು. ಚಿತ್ರವನ್ನು ಬೆಸ ಸಂಖ್ಯೆಯ ಸಾಲುಗಳಷ್ಟು ಮೇಲಕ್ಕೋ ಕೆಳಕ್ಕೋ ಸರಿಸಿದರೆ ಒಂದು ಫೀಲ್ಡಿನ ಸಾಲುಗಳು ಇನ್ನೊಂದರ ಸ್ಥಾನಕ್ಕೆ ಬರುತ್ತವೆ. ಎರಡು ಸಾಲು ಸರಿಸಿದರೆ ತೊಂದರೆಯಿಲ್ಲ. ತುಣುಕನ್ನು ಹಿಂದುಮುಂದಾಗಿ ಓಡಿಸುವಾಗ ಫ್ರೇಮ್‌ಗಳಷ್ಟೇ ಅಲ್ಲದೆ ಫೀಲ್ಡ್‌ಗಳೂ ತಿರುಗಬೇಕು. ನಿಧಾನಗತಿಯಲ್ಲಿ ಫ್ರೇಮನ್ನು ಹಾಗೆಯೇ ಎರಡು ಬಾರಿ ತೋರಿಸಿದರೂ ಚಲನೆ ಹಿಂದಕ್ಕೆ ಜಿಗಿಯುತ್ತದೆ.

ಗಾತ್ರ ಬದಲಾವಣೆ ಮತ್ತು ಬಣ್ಣ

576 ಸಾಲುಗಳ ದೃಶ್ಯವನ್ನು ಹೆಣಿಗೆ ಬಿಡಿಸದೆಯೇ 1080ಕ್ಕೆ ಹಿಗ್ಗಿಸುವುದು ಅತ್ಯಂತ ಕೆಟ್ಟ ತಪ್ಪು. ಹೊಸ ಸಾಲುಗಳನ್ನು ನೆರೆಯ ಸಾಲುಗಳ ಸರಾಸರಿಯಿಂದ ರಚಿಸುವುದರಿಂದ ಎರಡು ಕ್ಷಣಗಳು ಪ್ರತಿಯೊಂದು ಸಾಲಿನಲ್ಲಿಯೂ ಬೆರೆತುಹೋಗುತ್ತವೆ. ಚೂಪಾದ ಗೆರೆಗಳ ಬದಲು ದಪ್ಪನೆಯ ಮಸುಕು ಪಟ್ಟಿಗಳು ಕಂಡರೆ ಈ ಅಪಘಾತ ಹಿಂದೆಯೇ ನಡೆದಿದೆ ಎಂದರ್ಥ. ಆಮೇಲೆ ಸಾಮಾನ್ಯ ಡಿಇಂಟರ್‌ಲೇಸರ್‌ಗಳು ಅದನ್ನು ಬಿಡಿಸಲಾರವು. ಮೂಲ ಕಡತಕ್ಕೆ ಮರಳುವುದೊಂದೇ ದಾರಿ.

ಪಾಲ್ ಡಿವಿಯಲ್ಲಿ ಬಣ್ಣದ ಮಾಹಿತಿ ಸಾಲುಗಳ ಅರ್ಧದಷ್ಟಕ್ಕೆ ಮಾತ್ರ ಇರುತ್ತದೆ. ಅದನ್ನು ಪ್ರೋಗ್ರೆಸಿವ್ ಎಂದು ಭಾವಿಸಿ ವಿಸ್ತರಿಸಿದರೆ ಒಂದು ಫೀಲ್ಡಿನ ಬಣ್ಣ ಇನ್ನೊಂದಕ್ಕೆ ಸೋರಿ, ಚಲಿಸುವ ಕೆಂಪು ಬಟ್ಟೆಯ ಅಂಚಿನಲ್ಲಿ ಪಟ್ಟೆಗಳು ಮೂಡುತ್ತವೆ.

ಸೀರೆಯ ಸಣ್ಣ ಜರಿ ಅಂಚು, ಒಂದೇ ಸಾಲಿನಷ್ಟು ತೆಳುವಾದ ಶೀರ್ಷಿಕೆಯ ಗೆರೆ ಮೊದಲಾದವು ಒಂದೇ ಫೀಲ್ಡಿನಲ್ಲಿ ಬಿದ್ದು ಟಿವಿಯಲ್ಲಿ ಮಿನುಗುತ್ತವೆ. ಲಂಬ ದಿಕ್ಕಿನಲ್ಲಿ ಕೊಂಚ ಮಸುಕುಗೊಳಿಸಿದರೆ ಇದು ತಗ್ಗುತ್ತದೆ.

ಡಿಇಂಟರ್‌ಲೇಸಿಂಗ್

ಒಂದು ಫೀಲ್ಡನ್ನು ಎಸೆದು ಉಳಿದುದನ್ನು ಹಿಗ್ಗಿಸುವುದು ಸರಳ ವಿಧಾನ. ಎರಡನ್ನೂ ಬೆರೆಸುವ ವಿಧಾನದಲ್ಲಿ ಚಲಿಸುವ ವಸ್ತುವಿಗೆ ನೆರಳು ಬೀಳುತ್ತದೆ. ಇದನ್ನು ಬಳಸದಿರುವುದೇ ಲೇಸು. ಯಾಡಿಫ್, ಬಿಡಬ್ಲ್ಯುಡಿಫ್ ಫಿಲ್ಟರ್‌ಗಳು ಅಕ್ಕಪಕ್ಕದ ಕ್ಷಣಗಳನ್ನು ಹೋಲಿಸಿ ಕಾಣೆಯಾದ ಸಾಲುಗಳನ್ನು ಊಹಿಸುತ್ತವೆ. ಎವಿಸಿಂತ್‌ನ ಕ್ಯೂಟಿಜಿಎಂಸಿ ಇವೆರಡಕ್ಕಿಂತ ಬಹಳ ನಿಧಾನವಾದರೂ ಫಲಿತಾಂಶ ಉತ್ತಮ. ಯಾಡಿಫ್ ತಾನಾಗಿ ಪ್ರತಿ ಫ್ರೇಮಿಗೆ ಒಂದೇ ಫ್ರೇಮ್ ನೀಡುತ್ತದೆ, ಅಂದರೆ 50 ಕ್ಷಣಗಳಲ್ಲಿ 25ನ್ನು ಕೈಬಿಡುತ್ತದೆ. ನೃತ್ಯ, ಕ್ರೀಡೆಗಳ ಹರಿವನ್ನು ಉಳಿಸಬೇಕಾದರೆ ಪ್ರತಿ ಫೀಲ್ಡಿಗೂ ಒಂದು ಫ್ರೇಮ್ ನೀಡುವ ಆಯ್ಕೆಯನ್ನು ಸೂಚಿಸಬೇಕು.

ಇಂಟರ್‌ಲೇಸ್ಡ್ ಎಂದು ನಮೂದಾಗಿದ್ದರೂ ಎರಡೂ ಫೀಲ್ಡ್‌ಗಳು ಒಂದೇ ಕ್ಷಣದವಾಗಿರುವ ಕಡತಗಳೂ ಇವೆ. ಸೆಕೆಂಡಿಗೆ 25 ಪೂರ್ಣ ಚಿತ್ರಗಳನ್ನು 1080ಐ ರೂಪದಲ್ಲಿ ತುಂಬಿಸಿದ ಕ್ಯಾಮೆರಾಗಳಲ್ಲಿ ಇದು ಸಾಮಾನ್ಯ. ಚಲನೆಯಲ್ಲಿಯೂ ಗೆರೆಗಳಿಲ್ಲದ ಇಂತಹ ದೃಶ್ಯವನ್ನು ಡಿಇಂಟರ್‌ಲೇಸ್ ಮಾಡಿದರೆ ಸ್ಪಷ್ಟತೆ ಸುಮ್ಮನೆ ಕುಗ್ಗುತ್ತದೆ.

ಅಂತರಜಾಲಕ್ಕೆ ಏರಿಸುವ ಪ್ರತಿ ಪ್ರೋಗ್ರೆಸಿವ್ ಆಗಿರಬೇಕು. ಯೂಟ್ಯೂಬ್ ಕೂಡ ಇದನ್ನೇ ಸೂಚಿಸುತ್ತದೆ. ಸಂಗ್ರಹಕ್ಕೆ ಇಡುವ ಪ್ರತಿಯ ವಿಷಯ ಬೇರೆ. ಡಿವಿ ಟೇಪನ್ನು ಫೈರ್‌ವೈರ್ ಮೂಲಕ ನಕಲಿಸಿದಾಗ ಫೀಲ್ಡ್‌ಗಳು ಇದ್ದಂತೆಯೇ ಉಳಿಯುತ್ತವೆ. ಒಂದು ಗಂಟೆಯ ಟೇಪಿಗೆ ಸುಮಾರು 13 ಗಿಗಾಬೈಟ್ ಜಾಗ ಸಾಕು. ವಿಎಚ್‌ಎಸ್ ಟೇಪನ್ನು ಡಿಜಿಟಲೀಕರಿಸಲು ಅಂಗಡಿಗೆ ಕೊಡುವವರು 576 ಸಾಲುಗಳ, ಡಿಇಂಟರ್‌ಲೇಸ್ ಮಾಡದ ಕಡತವನ್ನೂ ಕೇಳಿ ಪಡೆಯಬೇಕಾಗುತ್ತದೆ.